ಗಲ್ಲಾಪೆಟ್ಟಿಗೆಯೂ ಕಿರ್ದಿಯೂ

ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ಪಾಲಕರ ಉದ್ಯೋಗವನ್ನು ಬರೆಯುವ ಅಂಕಣವೊಂದುಂಟು. ಅದರ ಮೇಲೆ ಕಣ್ಣಾಡಿಸಿದರೆ ಹೋಟೆಲು, ಕ್ಯಾಂಟೀನು, ಬೀಡಾ ಅಂಗಡಿ, ಹೊಲಿಗೆ, ಇಸ್ತ್ರಿ, ಕಿರಾಣಿ ಎಂಬ ಮಾತುಗಳೇ ಮತ್ತೆ ಮತ್ತೆ ಕಾಣುತ್ತವೆ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಶಾಲೆಯಲ್ಲಿ ಓದಿ, ಮುಂದೆ ಸ್ವಂತ ಅಂಗಡಿಯನ್ನು ಇಟ್ಟವರು ಮುಂಬಯಿಯ ಕನ್ನಡಿಗರಲ್ಲಿ ಅನೇಕರು. ಇಂಥ ಮನೆಗಳಿಂದ ಬರುವ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕವನ್ನು ನಾವು ವರ್ಷವೂ ಕಲಿಸುತ್ತೇವೆ. ಆದರೆ ನಮ್ಮ ಗಣಿತದ ಪುಸ್ತಕದಲ್ಲಿರುವ ವ್ಯಾಪಾರಿಯು ನೂರು ಕಿತ್ತಳೆಗಳನ್ನು ಕೊಂಡು ನೂರನ್ನೂ ಮಾರಿ ಶೇಕಡಾ ಲಾಭವನ್ನು ಹೇಳಿ ಹೊರಟುಹೋಗುತ್ತಾನೆ. ಅವನಿಗೆ ಬಾಡಿಗೆಯಿಲ್ಲ, ಉದ್ರಿಯಿಲ್ಲ, ಮನೆಯೂ ಇದ್ದಂತೆ ತೋರುವುದಿಲ್ಲ. ನಿಜವಾದ ಅಂಗಡಿಯೊಂದರ ಲೆಕ್ಕವನ್ನು ಒಂದು ತಿಂಗಳ ಕಾಲ ನೋಡುವ ಅವಕಾಶವು ನಮಗೆ ದೊರೆತುದರಿಂದ ಅದನ್ನೇ ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇವೆ. ಅಂಗಡಿಯವರ ಅನುಮತಿಯನ್ನು ಪಡೆದಿದ್ದೇವೆ. ಹೆಸರನ್ನು ಮಾತ್ರ ಬಿಟ್ಟಿದ್ದೇವೆ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಒಂದು ಸಂಜೆ ಶಾಲೆಗೆ ಬಂದು, ಬಸ್ಸಿನ ಹಣವನ್ನು ತುಂಬಲು ಇನ್ನೊಂದು ತಿಂಗಳ ಅವಧಿಯನ್ನು ಕೇಳಿದರು. ಅವರದು ರೈಲ್ವೆ ನಿಲ್ದಾಣದ ಸಮೀಪದಲ್ಲಿ ಚಹ-ತಿಂಡಿಯ ಪುಟ್ಟ ಹೋಟೆಲು. ನಾವು ಅಲ್ಲಿಗೆ ಹೋದಾಗಲೆಲ್ಲ ಗಿರಾಕಿಗಳು ನಿಂತೇ ಇರುವುದನ್ನು ಕಂಡಿದ್ದೆವು. ಆಶ್ಚರ್ಯದಿಂದ ವಿಚಾರಿಸಲಾಗಿ ಅವರು, “ಮಾಸ್ಟ್ರೇ, ವ್ಯಾಪಾರ ಉಂಟು. ಹಣ ಮಾತ್ರ ಇಲ್ಲ” ಎಂದರು. ದಿನಕ್ಕೆ ಎಷ್ಟು ವ್ಯಾಪಾರವಾಗುತ್ತದೆ ಎಂದು ಕೇಳಿದರೆ ಕೊಂಚ ಹೊತ್ತು ಯೋಚಿಸಿ, “ಆ ಪೆಟ್ಟಿಗೆ ದಿನವಿಡೀ ಕೂಗ್ತಾ ಇರ್ತದೆ” ಎಂದಷ್ಟೇ ಹೇಳಿದರು.

ಕೂಗುವ ಪೆಟ್ಟಿಗೆ ಯಾವುದೆಂದು ಈಗಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ಗಿರಾಕಿಯು ಮೊಬೈಲಿನಿಂದ ಹಣ ಕಳುಹಿಸಿದೊಡನೆ ಇಷ್ಟು ರೂಪಾಯಿ ಬಂತೆಂದು ಸಾರುವ ಸೌಂಡ್ ಬಾಕ್ಸ್ ಅದು. ಆದರೂ ಅದರ ಹಿಂದಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಅಂಗಡಿಯ ಮುಂದೆ ಅಂಟಿಸಿರುವ ಕ್ಯೂಆರ್ ಚೌಕವನ್ನು 1994ರಲ್ಲಿ ಜಪಾನಿನ ಡೆನ್ಸೋ ವೇವ್ ಸಂಸ್ಥೆಯವರು ಮೋಟಾರು ಕಾರಿನ ಬಿಡಿಭಾಗಗಳನ್ನು ಗುರುತಿಸಲೆಂದು ನಿರ್ಮಿಸಿದರು. ಅದರ ಮೂರು ಮೂಲೆಗಳಲ್ಲಿರುವ ದಪ್ಪ ಚೌಕಗಳು ಕ್ಯಾಮರಾಕ್ಕೆ ದಿಕ್ಕನ್ನು ತಿಳಿಸುತ್ತವೆ; ಆದುದರಿಂದ ಅದನ್ನು ತಲೆಕೆಳಗಾಗಿ ಹಿಡಿದರೂ ಓದಲು ಬರುತ್ತದೆ. ನಮ್ಮ ದೇಶದಲ್ಲಿ ಹಣವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕೂಡಲೇ ಸಾಗಿಸುವ ಯುಪಿಐ ವ್ಯವಸ್ಥೆಯು 2016ರಲ್ಲಿ ಆರಂಭವಾಯಿತು. ಅದೇ ವರ್ಷ ನವೆಂಬರಿನಲ್ಲಿ 500 ಮತ್ತು 1,000 ರೂಪಾಯಿಗಳ ಹಳೆಯ ನೋಟುಗಳು ರದ್ದಾದ ಮೇಲೆ ಇದು ಬೀದಿಯ ಅಂಗಡಿಗಳವರೆಗೂ ಹಬ್ಬಿತು. ಗಿರಾಕಿಯ ಖಾತೆಯಿಂದ ಹಣವು ನೇರವಾಗಿ ಅಂಗಡಿಯವರ ಖಾತೆಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಹಣವಿಲ್ಲ, ಅದು ಒಳಗಿನ ಸಿಮ್ ಕಾರ್ಡಿನ ಮೂಲಕ ಬಂದ ಸುದ್ದಿಯನ್ನು ಸಾರುವ ಡಂಗುರದವನು ಮಾತ್ರ.

ಇಲ್ಲಿಯೇ ತೊಡಕು ಹುಟ್ಟುವುದು. ಹಿಂದೆ ಹೋಟೆಲಿನ ಯಜಮಾನರು ಗಲ್ಲಾದ ಬಳಿ ಕುಳಿತು ರಾತ್ರಿ ಹಣವನ್ನು ಎಣಿಸುತ್ತಿದ್ದರು. ಲೆಕ್ಕ ಬರೆಯದವರಿಗೂ ಗಲ್ಲಾವೇ ಒಂದು ಬಗೆಯ ಪುಸ್ತಕವಾಗಿತ್ತು. ಅದು ತುಂಬಿದ್ದರೆ ಸಂತೋಷ, ತಳ ಕಂಡರೆ ಎಚ್ಚರಿಕೆ. ಮನೆಗೆಂದು ಕೈಹಾಕಿದಾಗ ಎಷ್ಟು ಉಳಿಯಿತೆಂಬುದು ಕಣ್ಣಿಗೇ ತಿಳಿಯುತ್ತಿತ್ತು. ಈಗ ಬಹುಪಾಲು ಹಣವು ಕಾಣದಂತೆ ಬರುತ್ತದೆ, ಕಾಣದಂತೆಯೇ ಹೋಗುತ್ತದೆ. ಕಿವಿಗೆ ಕೇಳಿಸುವುದು ಬರುವ ಹಣ ಮಾತ್ರ. ಹೋಗುವ ಹಣವನ್ನು ಕೂಗಿ ಹೇಳುವ ಪೆಟ್ಟಿಗೆಯನ್ನು ಯಾರೂ ಬಾಡಿಗೆಗೆ ಕೊಡುವುದಿಲ್ಲ!

ಆದುದರಿಂದ ಒಂದು ತಿಂಗಳ ಕಾಲ ಕಿರ್ದಿಯನ್ನು ಬರೆಯಿರೆಂದು ನಾವು ಅವರಿಗೆ ಸೂಚಿಸಿದೆವು. ಕಿರ್ದಿಯೆಂದರೆ ಆಯಾ ದಿನದ ಜಮೆ-ಖರ್ಚನ್ನು ಆಯಾ ದಿನವೇ ಬರೆಯುವ ಪುಸ್ತಕ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಸಲ್ಲುವ ಹಳೆಯ ಮಾತು. ಮೊಬೈಲಿನಲ್ಲಿ ಲೆಕ್ಕವಿಡುವ ಆ್ಯಪ್‌ಗಳು ಬೇಕಾದಷ್ಟಿವೆ, ಮತ್ತು ಅವು ಕೆಟ್ಟವಲ್ಲ. ಆದರೆ ಮೊದಲ ತಿಂಗಳು ಕೈಯಿಂದಲೇ ಬರೆಯುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಬರೆದ ಅಂಕಿಯು ಮನಸ್ಸಿನಲ್ಲಿ ನಿಲ್ಲುತ್ತದೆ. ತಂದೆಗೆ ರಾತ್ರಿ ಹತ್ತರ ಮೇಲೆ ಬರೆಯುವ ಶಕ್ತಿಯಿರಲಿಲ್ಲವಾಗಿ, ಹಿಂದಿನ ವರ್ಷ ಅರ್ಧ ಖಾಲಿ ಉಳಿದಿದ್ದ ವಿಜ್ಞಾನದ ನೋಟುಪುಸ್ತಕದಲ್ಲಿ ಮಗಳೇ ಬರೆಯತೊಡಗಿದಳು.

ಅವಳ ಪುಸ್ತಕದ ಒಂದು ಪುಟವನ್ನು ನೋಡೋಣ. ಬೆಳಿಗ್ಗೆ ಗಲ್ಲಾದಲ್ಲಿದ್ದ ಆರಂಭದ ಶಿಲ್ಕು 1,200 ರೂಪಾಯಿ. ಹಗಲಿನಲ್ಲಿ ಗಲ್ಲಾದಿಂದ ಕೊಟ್ಟದ್ದು: ಹಾಲಿಗೆ 640, ತರಕಾರಿಗೆ 260, ಕೆಲಸದ ಹುಡುಗನಿಗೆ ಮುಂಗಡ 200, ಮನೆಗೆ 300, ಒಟ್ಟು 1,400. ರಾತ್ರಿ ಎಣಿಸಿದಾಗ ಉಳಿದಿದ್ದ ಆಖೈರು ಶಿಲ್ಕು 1,050. ಹಾಗಾದರೆ ಆ ದಿನ ನಗದಾಗಿ ಎಷ್ಟು ವ್ಯಾಪಾರವಾಯಿತು? ಬೆಳಿಗ್ಗೆಗಿಂತ ರಾತ್ರಿ ಹಣ ಕಡಿಮೆಯಿದೆಯಾದ್ದರಿಂದ ವ್ಯಾಪಾರವೇ ಆಗಲಿಲ್ಲವೆಂದು ತಿಳಿಯಬಾರದು. ಆಖೈರು ಶಿಲ್ಕಿಗೆ ಕೊಟ್ಟ ಹಣವನ್ನು ಕೂಡಿಸಿ, ಅದರಿಂದ ಆರಂಭದ ಶಿಲ್ಕನ್ನು ಕಳೆಯತಕ್ಕದ್ದು. 1,050ಕ್ಕೆ 1,400 ಕೂಡಿಸಿದರೆ 2,450. ಅದರಲ್ಲಿ 1,200 ಕಳೆದರೆ 1,250. ಇದು ನಗದು ವ್ಯಾಪಾರ. ಪ್ರತಿಯೊಂದು ಚಹದ ಹಣವನ್ನು ಬರೆದಿಡಲು ಸಾಧ್ಯವಿಲ್ಲದ ಅಂಗಡಿಗೆ ಈ ಒಂದು ಸೂತ್ರವೇ ಸಾಕು.

ಇನ್ನು ಬ್ಯಾಂಕಿನ ಜಮೆ. ಆ ದಿನ ಖಾತೆಗೆ 4,640 ರೂಪಾಯಿ ಬಂದಿತ್ತು. ಮಗಳು ಅದನ್ನೆಲ್ಲ ವ್ಯಾಪಾರವೆಂದು ಬರೆದಿದ್ದಳು. ಸಾಲುಸಾಲಾಗಿ ನೋಡಿದಾಗ ಅದರಲ್ಲಿ 1,000 ರೂಪಾಯಿ ಅಳಿಯನೊಬ್ಬನು ಹಿಂದಿರುಗಿಸಿದ ಕೈಗಡವೆಂದು ತಿಳಿಯಿತು. ವ್ಯಾಪಾರದ್ದು 3,640 ಮಾತ್ರ. ಇದಲ್ಲದೆ ಎದುರಿನ ಕಚೇರಿಗೆ ಉದ್ರಿಯಾಗಿ ಕಳುಹಿಸಿದ ಚಹದ ಬಾಬು 200. ಮೂರನ್ನೂ ಕೂಡಿಸಿದರೆ ಆ ದಿನದ ವ್ಯಾಪಾರ 5,090 ರೂಪಾಯಿ. ತಿಂಗಳ ಕೊನೆಯಲ್ಲಿ ಸರಾಸರಿ ತೆಗೆದಾಗಲೂ ಹೆಚ್ಚು ಕಡಿಮೆ ಇಷ್ಟೇ ಬಂತು.

ಖರ್ಚನ್ನು ಒಂದು ದಿನದ ಪುಟದಿಂದ ಅಳೆಯಲಾಗದು. ಬಾಡಿಗೆ ತಿಂಗಳಿಗೊಮ್ಮೆ, ಎಣ್ಣೆ ವಾರಕ್ಕೊಮ್ಮೆ, ರಿಪೇರಿ ಕೆಟ್ಟಾಗ. ಎಲ್ಲವನ್ನೂ ಮೂವತ್ತು ದಿನಗಳಿಗೆ ಹಂಚಿದಾಗ ದಿನವೊಂದಕ್ಕೆ ಸಾಮಾನು-ಹಾಲಿಗೆ 2,150, ಅನಿಲಕ್ಕೆ 350, ಬಾಡಿಗೆಗೆ 600, ಹುಡುಗನ ಸಂಬಳಕ್ಕೆ 500, ದೀಪ-ನೀರಿಗೆ 90, ರಿಪೇರಿ-ಲೈಸನ್ಸುಗಳಿಗೆ 100, ಅಂತೂ 3,790 ರೂಪಾಯಿ ಆಯಿತು. ವ್ಯಾಪಾರದಲ್ಲಿ ಇದನ್ನು ಕಳೆದರೆ ಉಳಿಯುವುದು 1,300, ತಿಂಗಳಿಗೆ 39,000. ಅಂಗಡಿಯು ನಷ್ಟದಲ್ಲಿ ಇರಲಿಲ್ಲವೆಂದು ತಿಳಿದಾಗ ಆ ತಂದೆಯ ಮುಖವು ಅರಳಿದುದನ್ನು ನಾವು ಕಂಡೆವು.

ಆದರೆ ಅದೇ ತಿಂಗಳು ಮನೆಗೆ ಹೋದ ಹಣ 45,000! ಅದರಲ್ಲಿ 31,000 ಎಲ್ಲರಿಗೂ ತಿಳಿದ ಖರ್ಚು: ಮನೆಯ ಬಾಡಿಗೆ, ರೇಶನ್ನು, ಮಕ್ಕಳ ಶುಲ್ಕ, ಊರಿನಲ್ಲಿರುವ ತಾಯಿಯ ಔಷಧ. ಉಳಿದ 14,000 ಯಾರಿಗೂ ತಿಳಿಯದೆ ಮೊಬೈಲಿನಿಂದ ಹೋದದ್ದು: ಎಂಬತ್ತು, ನೂರಿಪ್ಪತ್ತು, ಇನ್ನೂರರ ಸಣ್ಣ ಸಣ್ಣ ಬಾಬುಗಳು. ಗಲ್ಲಾದಿಂದ ತೆಗೆಯುವಾಗ ತಡೆಯುತ್ತಿದ್ದ ಕೈ ಮೊಬೈಲಿನಲ್ಲಿ ತಡೆಯಲಿಲ್ಲ. ತಿಂಗಳಿಗೆ 6,000ದಂತೆ ಎಂಟು ತಿಂಗಳಲ್ಲಿ ಸಾಲವು 48,000ಕ್ಕೆ ಮುಟ್ಟಿತ್ತು.

ಈ ಸಾಲದ ಒಂದು ಭಾಗವು ಹೊರಬಿದ್ದ ಬಗೆ ಹೀಗೆ. ತಿಂಗಳ ಕೊನೆಯ ವಾರ ಜಮೆಯ ಬದಿಯಲ್ಲಿ 9,000 ರೂಪಾಯಿಯ ಒಂದೇ ಬಾಬು ಕಾಣಿಸಿತು. “ಅಪ್ಪ, ಇದು ಯಾವ ವ್ಯಾಪಾರದ್ದು?” ಎಂದು ಮಗಳು ಕೇಳಿದಳು. ಅವರು ಕೂಡಲೇ ಉತ್ತರಿಸಲಿಲ್ಲ. ಕಿರಾಣಿ ವ್ಯಾಪಾರಿಯ ಒತ್ತಾಯಕ್ಕೆ, ದಿನವಹಿ ವಸೂಲಿ ಮಾಡುವವರೊಬ್ಬರಿಂದ ತಂದ ಸಾಲವದು, ಮನೆಯಲ್ಲಿ ಹೇಳಿರಲಿಲ್ಲ. ಕಿರಾಣಿಯವರಿಗೆ 39,000, ಇವರಿಗೆ 9,000.

ಈ ದಿನವಹಿ ಸಾಲದ ಲೆಕ್ಕವನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಕೈಗೆ ಬರುವುದು 9,000. ದಿನಕ್ಕೆ 100ರಂತೆ ನೂರು ದಿನ ಕೊಡಬೇಕಾದ್ದು 10,000. ಒಂದು ಸಾವಿರ ತಾನೇ, ಶೇಕಡಾ ಹನ್ನೊಂದು ತಾನೇ ಎಂದು ತೋರುತ್ತದೆ. ಆದರೆ 9,000 ರೂಪಾಯಿಯು ನೂರು ದಿನವೂ ನಮ್ಮ ಕೈಯಲ್ಲಿ ಇರುವುದಿಲ್ಲ. ಮೊದಲ ದಿನದಿಂದಲೇ ಅಸಲು ಕರಗುತ್ತ ಹೋಗಿ ಕೊನೆಗೆ ಶೂನ್ಯವಾಗುತ್ತದೆ. ಸರಾಸರಿಯಾಗಿ ನಮ್ಮಲ್ಲಿ ಇದ್ದದ್ದು ಸುಮಾರು 4,500 ಮಾತ್ರ. 4,500ಕ್ಕೆ ನೂರು ದಿನಗಳ ಬಡ್ಡಿ 1,000 ಎಂದರೆ ಶೇಕಡಾ 22. ವರ್ಷದ ಲೆಕ್ಕಕ್ಕೆ ಅದು ಸುಮಾರು ಶೇಕಡಾ 80 ಆಗುತ್ತದೆ. ನಮ್ಮ ತರಗತಿಯಲ್ಲಿ ಈ ಉತ್ತರವನ್ನು ಕರಿಹಲಗೆಯ ಮೇಲೆ ಬರೆದಾಗ ಇಬ್ಬರು ಹುಡುಗರು ಲೆಕ್ಕ ತಪ್ಪಿದೆಯೆಂದು ವಾದಿಸಿದರು. ತಪ್ಪಿಲ್ಲ.

ಸಣ್ಣ ಉದ್ಯೋಗಿಗಳಿಗೆ ಬ್ಯಾಂಕಿನ ಬಾಗಿಲು ಮುಚ್ಚಿಲ್ಲ. 2015ರ ಏಪ್ರಿಲಿನಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ಎಂಬ ವರ್ಗದಲ್ಲಿ 50,000 ರೂಪಾಯಿಯವರೆಗೆ ಒತ್ತೆಯಿಲ್ಲದೆ ಸಾಲಕ್ಕೆ ಅರ್ಜಿ ಹಾಕಬಹುದು. ಬೀದಿಬದಿಯ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಸ್ವನಿಧಿ ಯೋಜನೆಯು ಬೇರೆಯೇ ಇದೆ. ಅರ್ಜಿಯ ಜೊತೆಗೆ ಉದ್ಯಮ್ ನೋಂದಣಿಯಿದ್ದರೆ ಅನುಕೂಲ. ಸರಕಾರದ ಜಾಲತಾಣದಲ್ಲಿ ಈ ನೋಂದಣಿಗೆ ಒಂದು ಪೈಸೆಯೂ ಇಲ್ಲವಾಗಿದ್ದು, ಮಾಡಿಸಿಕೊಡುತ್ತೇವೆಂದು ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಂದ ದೂರವಿರತಕ್ಕದ್ದು. ಬ್ಯಾಂಕಿನವರು ಮೊದಲು ಕೇಳುವ ಪ್ರಶ್ನೆ ಮಾತ್ರ ನಾವು ಕೇಳಿದ್ದೇ: ದಿನಕ್ಕೆ ಎಷ್ಟು ವ್ಯಾಪಾರ?

ಇದೇ ಪ್ರಶ್ನೆಯನ್ನು ತೆರಿಗೆಯ ಇಲಾಖೆಯೂ ಕೇಳಬಹುದು. 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮಾಹಿತಿಯ ಆಧಾರದಿಂದ ಸಹಸ್ರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದ ಸಂಗತಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ತರಕಾರಿ, ಹಾಲು ಮಾರುವವರಿಗೂ ನೋಟೀಸು ಮುಟ್ಟಿತು. ಬೆಂಗಳೂರಿನ ಕೆಲವು ಅಂಗಡಿಗಳವರು ಭಯದಿಂದ ಕ್ಯೂಆರ್ ಚೌಕವನ್ನೇ ಕಿತ್ತು, ನಗದು ಮಾತ್ರವೆಂದು ಹಲಗೆ ತೂಗುಹಾಕಿದರು. ಬಳಿಕ ಸರಕಾರವು ಹಳೆಯ ಬಾಕಿಯನ್ನು ಒತ್ತಾಯಿಸುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಿರಿ ಎಂದು ಹೇಳಿದ ಮೇಲೆ ಗದ್ದಲವು ತಣ್ಣಗಾಯಿತು.

ನಿಯಮವೇನೋ ಕಠಿನವಾದುದಲ್ಲ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಸರಕು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷವನ್ನು, ಹೋಟೆಲು ಮೊದಲಾದ ಸೇವೆ ಮಾಡುವವರದು 20 ಲಕ್ಷವನ್ನು ಮೀರಿದರೆ ಜಿಎಸ್‌ಟಿ ನೋಂದಣಿಯಾಗಬೇಕು. ತಾಜಾ ತರಕಾರಿ, ಹಾಲುಗಳಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ನೋಂದಣಿಯಾದ ಸಣ್ಣ ಹೋಟೆಲಿನವರು ಕಂಪೋಸಿಶನ್ ಪದ್ಧತಿಯನ್ನು ಆರಿಸಿಕೊಂಡರೆ ವಹಿವಾಟಿನ ಶೇಕಡಾ 5ನ್ನು ತಾವೇ ಕಟ್ಟಬೇಕು. ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. 20 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 5,480 ರೂಪಾಯಿ. ಈ ಅಂಕಿಯನ್ನು ಪ್ರತಿಯೊಬ್ಬ ಹೋಟೆಲಿನವರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕೆಂದು ನಾವು ಹೇಳುತ್ತೇವೆ.

ನಮ್ಮ ಪಾಲಕರ ವ್ಯಾಪಾರವು ದಿನಕ್ಕೆ 5,090ರಂತೆ ವರ್ಷಕ್ಕೆ 18 ಲಕ್ಷ 58 ಸಾವಿರ, ಮಿತಿಯೊಳಗೇ ಇದೆ. ಆದರೆ ಅವರ ಬ್ಯಾಂಕಿನ ಪಾಸ್‌ಬುಕ್ಕನ್ನು ಹೊರಗಿನವರು ನೋಡಿದರೆ ಏನು ಕಾಣುತ್ತದೆ? ಗಿರಾಕಿಗಳಿಂದ ಬಂದದ್ದು 13 ಲಕ್ಷ 28 ಸಾವಿರ. ಊರಿನಲ್ಲಿ ಮನೆ ಕಟ್ಟಲೆಂದು ಅಣ್ಣನು ಗಲ್ಫಿನಿಂದ ಇವರ ಖಾತೆಗೆ ಕಳುಹಿಸಿದ್ದು 6 ಲಕ್ಷ. ಊರವರ ಸಂಘದ ಪ್ರವಾಸಕ್ಕೆಂದು ಇವರ ಅಂಗಡಿಯ ಚೌಕಕ್ಕೇ ಸೇರಿದ ವಂತಿಗೆ 90 ಸಾವಿರ. ಒಟ್ಟು ಜಮೆ 20 ಲಕ್ಷ 18 ಸಾವಿರ! ನಗದು ವ್ಯಾಪಾರವನ್ನು ಸೇರಿಸುವ ಮೊದಲೇ ಮಿತಿಯು ಮೀರಿದಂತೆ ತೋರುತ್ತದೆ. ಯಾವುದು ಚಹದ ಹಣ, ಯಾವುದು ಅಣ್ಣನ ಹಣ ಎಂಬುದು ಪಾಸ್‌ಬುಕ್ಕಿಗೆ ತಿಳಿಯದು. ವರ್ಷವೆರಡು ಕಳೆದ ಮೇಲೆ ನೆನಪಿನಿಂದ ಹೇಳಲು ಅವರಿಗೂ ಆಗದು. ಆಯಾ ದಿನವೇ ಬರೆದ ಕಿರ್ದಿಯೊಂದೇ ಅವರ ಪರವಾಗಿ ಸಾಕ್ಷಿ ನುಡಿಯಬಲ್ಲುದು. ಕ್ಯೂಆರ್ ಚೌಕವನ್ನು ಕೀಳುವುದರಿಂದ ಗಿರಾಕಿಯು ಪಕ್ಕದ ಅಂಗಡಿಗೆ ಹೋದಾನೇ ಹೊರತು ಲೆಕ್ಕವು ನೇರ್ಪಡದು.

ಆದುದರಿಂದ ನಾವು ಮಾಡಿಸಿದ ಮೊದಲ ಕೆಲಸವೆಂದರೆ ಅಂಗಡಿಗೊಂದು, ಮನೆಗೊಂದು ಎಂದು ಎರಡು ಖಾತೆ. ಅಂಗಡಿಗಾಗಿ ಚಾಲ್ತಿ ಖಾತೆಯನ್ನು ತೆರೆಯುವಾಗ ಕನಿಷ್ಠ ಶಿಲ್ಕು ಎಷ್ಟಿರಬೇಕೆಂದು ಮೊದಲೇ ಕೇಳಿಕೊಳ್ಳತಕ್ಕದ್ದು. ಅದು ಬ್ಯಾಂಕಿನಿಂದ ಬ್ಯಾಂಕಿಗೆ ಭೇದಿಸುತ್ತದೆ. ಕ್ಯೂಆರ್ ಚೌಕವು ಅಂಗಡಿಯ ಖಾತೆಗೆ ಮಾತ್ರ. ಅಣ್ಣನ ಹಣ, ಸಂಘದ ವಂತಿಗೆ, ಕೈಗಡಗಳೆಲ್ಲ ಮನೆಯ ಖಾತೆಗೆ. ಯಜಮಾನರು ತಮಗೆ ತಾವೇ ಒಂದು ಸಂಬಳವನ್ನು ನಿಗದಿಮಾಡಿ, ತಿಂಗಳಿಗೆ ಎರಡು ಕಂತುಗಳಲ್ಲಿ ಅಂಗಡಿಯಿಂದ ಮನೆಗೆ ವರ್ಗಾಯಿಸುವುದು. ಅದನ್ನು 36,000 ಎಂದು ಗೊತ್ತುಮಾಡಿದವರು ಆ ಹುಡುಗಿಯ ತಾಯಿ. ನಾವು 38,000 ಎಂದಿದ್ದೆವು. ಅವರು, “ಮಾಸ್ಟ್ರೇ, ನಿಮ್ಮ ಲೆಕ್ಕದಲ್ಲಿ ಸಾಲ ಯಾವಾಗ ತೀರುವುದು?” ಎಂದು ಕೇಳಿದ ಮೇಲೆ ನಾವು ಸುಮ್ಮನಾದೆವು.

ಕಿರ್ದಿಯಿಂದ ನಿರೀಕ್ಷಿಸದ ಲಾಭವೂ ಒಂದಾಯಿತು. ಅನಿಲದ ಸಿಲಿಂಡರನ್ನು ಹಚ್ಚಿದ ದಿನಾಂಕವನ್ನು ಹುಡುಗಿಯು ಬರೆಯುತ್ತಿದ್ದಳು. ಐದು ದಿನ ಬರುತ್ತಿದ್ದ 19 ಕಿಲೋ ಸಿಲಿಂಡರು ಒಮ್ಮೆ ನಾಲ್ಕೇ ದಿನಕ್ಕೆ ಮುಗಿಯಿತು. ನೋಡಿದಾಗ ಒಲೆಯ ಬರ್ನರಿನ ರಂಧ್ರಗಳು ಉಕ್ಕಿದ ಹಾಲಿನಿಂದ ಮುಚ್ಚಿ, ಜ್ವಾಲೆಯು ನೀಲಿಯ ಬದಲು ಹಳದಿಯಾಗಿ ಉರಿಯುತ್ತಿತ್ತು. ತೊಳೆದು ತಂತಿಯಿಂದ ಚುಚ್ಚಿದ ಮೇಲೆ ಮತ್ತೆ ಐದು ದಿನ ಬಂತು.

ಮೋಸದ ವಿಷಯವಾಗಿಯೂ ಎರಡು ಮಾತು ಅವಶ್ಯ. ಗಿರಾಕಿಯು ತನ್ನ ಮೊಬೈಲಿನ ಪರದೆಯನ್ನು ತೋರಿಸಿದೊಡನೆ ಹಣ ಬಂತೆಂದು ನಂಬಬಾರದು; ಅಂಥ ಸುಳ್ಳು ಚಿತ್ರವನ್ನು ತೋರಿಸುವ ಆ್ಯಪ್‌ಗಳಿವೆ. ಪೆಟ್ಟಿಗೆಯು ಸಾರಬೇಕು, ಇಲ್ಲವೆ ಬ್ಯಾಂಕಿನ ಸಂದೇಶ ಬರಬೇಕು. ಹಣವನ್ನು ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಒತ್ತಿದರೆ ಹಣ ಬರುತ್ತದೆಂದು ಹೇಳುವವನು ಕಳ್ಳನೇ ಸರಿ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊ ಊರಿನಲ್ಲಿ ರಾತ್ರೋರಾತ್ರಿ ಅಂಗಡಿಗಳ ಚೌಕಗಳ ಮೇಲೆ ತಮ್ಮ ಚೌಕವನ್ನು ಅಂಟಿಸಿ ಹೋದ ಪ್ರಸಂಗ ನಡೆಯಿತು. ಆದುದರಿಂದ ಬೆಳಿಗ್ಗೆ ಬಾಗಿಲು ತೆರೆದೊಡನೆ ಮನೆಯವರ ಮೊಬೈಲಿನಿಂದ ಒಂದು ರೂಪಾಯಿ ಕಳುಹಿಸಿ ಪರೀಕ್ಷಿಸಿದರೆ ಕ್ಷೇಮ. ಮೋಸವಾದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಬರುವ ಹಣಕ್ಕೆ ಅಂಗಡಿಯವರು 2020ರ ಜನವರಿಯಿಂದ ಯಾವ ಶುಲ್ಕವನ್ನೂ ಕೊಡಬೇಕಾಗಿಲ್ಲ. ಕೂಗುವ ಪೆಟ್ಟಿಗೆಯ ಬಾಡಿಗೆ ಮಾತ್ರ ಪ್ರತ್ಯೇಕ. ಅದು ಖಾತೆಯಿಂದ ಸದ್ದಿಲ್ಲದೆ ಕಡಿತವಾಗುವುದರಿಂದ ಕಿರ್ದಿಯ ಖರ್ಚಿನ ಬದಿಯಲ್ಲಿ ಬರೆಯತಕ್ಕದ್ದು.

ಈಗ ಆರು ತಿಂಗಳಾದುವು. ತಿಂಗಳಿಗೆ 3,000 ಉಳಿಯುತ್ತಿದೆ. ಮೊದಲ ನೂರು ದಿನಗಳ ಉಳಿತಾಯವೆಲ್ಲ ದಿನವಹಿ ಸಾಲದವರಿಗೇ ಹೋಗಿ ಆ ಬಾಬು ತೀರಿತು. ಅನಂತರದ್ದು ಕಿರಾಣಿಯವರಿಗೆ, ಅವರ ಬಾಕಿ 39,000ದಿಂದ 31,000ಕ್ಕೆ ಇಳಿದಿದೆ. ಮುದ್ರಾ ಸಾಲದ ಅರ್ಜಿಯು ಬ್ಯಾಂಕಿನಲ್ಲಿದೆ, ಉತ್ತರವಿನ್ನೂ ಬಂದಿಲ್ಲ. ಬಸ್ಸಿನ ಹಣವನ್ನು ತಂದೆಯವರು ಎರಡು ಕಂತುಗಳಲ್ಲಿ ತುಂಬಿದರು. ವಿಜ್ಞಾನದ ನೋಟುಪುಸ್ತಕವು ಮುಗಿದುದರಿಂದ ಹುಡುಗಿಯು ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ಕೊಂಡಿದ್ದಾಳೆ. ಅದರ ಬೆಲೆ 85 ರೂಪಾಯಿಯನ್ನು ಮೊದಲ ಪುಟದಲ್ಲಿಯೇ, ಅಂಗಡಿಯ ಖರ್ಚಿನ ಬದಿಯಲ್ಲಿ ಬರೆದಿದ್ದಾಳೆ.